ತಿಳಿನೀರಿನ ಚೀಲ

ಹನ್ನೊಂದು ವರ್ಷ ಬದನೆಕಾಯಿ ಬಿಟ್ಟಿದ್ದಳು ಸಣ್ಣೀರಮ್ಮ.
ಆಮೇಲೆ ಹುಣಸೆ, ಆಮೇಲೆ ಒಣಮೀನು,
ಕೊನೆಗೆ ಉದ್ದಿನಬೇಳೆ.
ಗಂಧೆ ಮಾತ್ರ ಅವಳನ್ನು ಬಿಡಲಿಲ್ಲ.
ಸಂಜೆಯಾದರೆ ತೊಡೆಯ ಮೇಲೆ, ಕಂಕುಳ ಕೆಳಗೆ
ರೊಟ್ಟಿ ಉಬ್ಬಿದ ಹಾಗೆ ದದ್ದು.
ದೊಡ್ಡಪತ್ರೆ ರಸ ಹಚ್ಚಿ, ಕಂಬಳಿಯಲ್ಲಿ ತಿಕ್ಕಿ,
'ಪಿತ್ತ ಕಣವ್ವ' ಅಂದವರು
ಕಿರುಗಾವಲಿನ ಸುತ್ತ ಮೂವತ್ತು ಜನ.

ಪಿತ್ತವಲ್ಲ. ಪಿತ್ತದ ಪಕ್ಕದ ಮನೆಯಲ್ಲಿ,
ಈಲಿಯ ಬಲಮಗ್ಗುಲಲ್ಲಿ
ಮೂಸಂಬಿ ಗಾತ್ರದ ನೀರುಚೀಲ ಕಟ್ಟಿಕೊಂಡು
ಕೂತಿತ್ತು ನಾಯಿಯ ಲಾಡಿಹುಳುವಿನ ಮರಿ.
ಗಲಾಟೆಯಿಲ್ಲ. ಬಾಡಿಗೆಯೂ ಇಲ್ಲ.

ಮೈಗೆ ಮಾತ್ರ ಗೊತ್ತಿತ್ತು.
ಚೀಲದ ಗೋಡೆ ಜಿನುಗಿದಾಗೆಲ್ಲ ಮೂಸಿ ನೋಡಿ
ಗುರುತು ಬರೆದಿಟ್ಟುಕೊಂಡು
ರಕ್ತದ ಬೀದಿಬೀದಿಗೆ ಕಾವಲು ನಿಲ್ಲಿಸಿತ್ತು,
ಮದ್ದು ತುಂಬಿದ ಕೋವಿ ಕೊಟ್ಟು,
ಎಷ್ಟು ಹೊಡೆಯಬೇಕು ಅಂತ ಹೇಳದೆ.

ಮೈಸೂರಿನ ದೊಡ್ಡಾಸ್ಪತ್ರೆ, ಮಂಗಳವಾರ, ಎರಡನೇ ಟೇಬಲ್ಲು.
ನಾನು ಅರಿವಳಿಕೆಯ ಕಡೆಯವಳು: ತಲೆಯ ಬಳಿ ನಿಲ್ಲುವುದು,
ಅಡ್ರಿನಲಿನ್ ಎಳೆದಿಟ್ಟುಕೊಂಡು ಕಾಯುವುದು.
ಡಾಕ್ಟರ್ ನಫೀಸಾ ಉಪ್ಪುನೀರಿನ ಬಟ್ಟೆ ಸುತ್ತ ತುರುಕಿದರು
ಬಳೆಗಾರ ಹುಲ್ಲು ಹಾಸುವ ಹಾಗೆ.
'ಒಂದು ತೊಟ್ಟೂ ಚೆಲ್ಲಬಾರದು.'

ಒಂದು ತೊಟ್ಟು ಚೆಲ್ಲಿತು.

ಹುಳ ಏನೂ ಮಾಡಲಿಲ್ಲ, ಅದನ್ನು ಹೇಳಲೇಬೇಕು.
ಹನ್ನೊಂದು ವರ್ಷ ಕಾದು ಕೂತ ಕಾವಲಿನವರು
ಎಲ್ಲರೂ ಒಟ್ಟಿಗೆ ಗುಂಡು ಹಾರಿಸಿದರು, ಮನೆಯೊಳಗೇ.
ಎದೆಯಿಂದ ಕತ್ತಿಗೆ ಗಂಧೆ ಓಡಿತು,
ತುಟಿ ಊದಿತು, ಬಿ.ಪಿ. ನಲವತ್ತು,
ನಾಡಿ ನನ್ನ ಬೆರಳಡಿಯಿಂದ ಜಾರಿಹೋಯಿತು
ನಾಲೆಯಲ್ಲಿ ಸೋಪು ಜಾರಿದ ಹಾಗೆ.
ಒತ್ತಿದೆ. ಎಣಿಸಿದೆ. ಮತ್ತೆ ಒತ್ತಿದೆ.

ಬಂತು.

ಆಮೇಲೆ ಸ್ಟೀಲ್ ಬೋಗುಣಿಯಲ್ಲಿ ನೋಡಿದೆ:
ಇಷ್ಟು ತಿಳಿನೀರು ನಮ್ಮ ನಲ್ಲಿಯಲ್ಲೂ ಬರುವುದಿಲ್ಲ.
ತಳದಲ್ಲಿ ಚಿಟಿಕೆ ಬಿಳಿ ಮರಳು;
ಲ್ಯಾಬಿನವರು ತೋರಿಸಿದರು,
ಒಂದೊಂದು ಕಾಳಿಗೂ ಕೊಕ್ಕೆಗಳ ಕಿರೀಟ.

ನಾಲ್ಕನೇ ದಿನ ಗಂಜಿ ಕುಡಿಯುತ್ತ ಕೇಳಿದಳು,
'ಇದು ನಮ್ಮ ಕೆಂಚನಿಂದ ಬಂದುದ್ದಾ?
ಕುರಿ ಕುಯ್ದಾಗ ಗುಳ್ಳೆ ಇದ್ದ ಈಲೀನ
ಮನುಸ್ರಿಗೆ ಬ್ಯಾಡ ಅಂತ ಅದಕ್ಕೇ ಹಾಕ್ತಿದ್ದೆ.
ತಿಂದು ಬಂದು ನನ್ನ ಕೈ ನೆಕ್ಕೋದು.'
ಹೌದು ಅನ್ನಲು ಬಾಯಿ ಬರಲಿಲ್ಲ. ಹೌದು ಅಂದೆ.
'ಅದಕ್ಕೂ ನವೆ ಇರ್ತದಾ?'
ಇಲ್ಲಮ್ಮ, ನಾಯಿಗೆ ಏನೂ ಗೊತ್ತಾಗುವುದಿಲ್ಲ.
'ಸದ್ಯ,' ಅಂದಳು. ಲೋಟ ಕೆಳಗಿಟ್ಟಳು.
'ಅದಕ್ಕೂ ಒಂದು ಮಾತ್ರೆ ಬರ್ಕೊಡಿ.'

ನಮ್ಮಲ್ಲಿ ನಾಯಿಗೆ ಚೀಟಿ ಬರೆಯುವುದಿಲ್ಲ.
ಅವಳ ಸೊನ್ನೆ ರೂಪಾಯಿಯ ಬಸ್ ಟಿಕೆಟ್ಟು ಇಸಕೊಂಡು
ಹಿಂಬದಿಯಲ್ಲಿ ಬರೆದುಕೊಟ್ಟೆ.