ಚಕ್ರದ ಗೂಡಿನ ಮಣ್ಣು

ನಾನು ಲೋಕ ನೋಡಿದ್ದು ಅಂಗಾತ ಮಲಗಿ.
ಬೆನ್ನಡಿಗೆ ಹಳೆಯ ಯಾಕ್ ಚರ್ಮ,
ಮೂಗಿನಿಂದ ಒಂದು ಗೇಣು ಮೇಲೆ
ಯಾರದೋ ಮನೆಯ ತಳ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ
ನನ್ನ ಕಸುಬಿನಲ್ಲಿ ಬರೀ ಮಾತಲ್ಲ.

ಮುರ್ಗಾಬ್ ಮುಟ್ಟುವ ಹೊತ್ತಿಗೆ ಎಲ್ಲ ಗಾಡಿಗೂ
ಎಲ್ಲಾದರೊಂದು ಕಡೆ ನೋವು.
ನೆತ್ತಿಯ ಮೇಲೆ ಸೋಲಾರ್, ಒಳಗೆ ಮಂಚ, ಒಲೆ,
ಮಡಿಸಿದರೆ ಮಾಯವಾಗುವ ಮೇಜು, ಕಿಟಕಿಗೆ ಹೂವಿನ ಪರದೆ.
ನಾಲ್ಕೂ ಚಕ್ರ ದುಡಿಯುತ್ತವೆ ಅನ್ನುತ್ತಾರೆ.
ದುಡಿಯುತ್ತವೆ, ನಿಜ.
ಆದರೆ ಅಕ್-ಬೈತಾಲ್ ಘಾಟಿಯ ರಸ್ತೆ
ತಗಡಿನ ಶೀಟಿನ ಹಾಗೆ ಅಲೆ ಅಲೆ;
ಅಲ್ಲಿ ಬೋಲ್ಟುಗಳು ತಾವಾಗಿಯೇ ಊರು ಬಿಡುತ್ತವೆ.

ನನ್ನಜ್ಜನ ಮನೆಯನ್ನು ಆರು ಯಾಕ್ ಹೊತ್ತಿದ್ದವು.
ಅವಕ್ಕೆ ಡೀಸೆಲ್ ಬೇಡ, ಸ್ಪ್ರಿಂಗ್ ಮುರಿಯುತ್ತಿರಲಿಲ್ಲ,
ಸಿಟ್ಟು ಬರುತ್ತಿತ್ತು, ಅಷ್ಟೆ.

ಜೂನಿನಲ್ಲಿ ಹೆಂಡ್ರಿಕಾ ಬಂದಳು, ಡಚ್ ಹೆಂಗಸು,
ಅರವತ್ತು ದಾಟಿದವಳು, ಒಬ್ಬಳೇ.
ಗಾಡಿಯ ಹೆಸರು ಆಮೆ ಅಂದಳು.
ಆಮೆಯ ಎಡ ಹಿಂಗಾಲಿನ ಪಟ್ಟಿ ಎರಡು ತುಂಡು.
ಹೊಸದು ಬರಲು ಎಷ್ಟು ದಿನ?
ಇಲ್ಲಿಗೆ ಹೊಸದಾಗಿ ಬರುವುದು ಹಿಮ ಒಂದೇ, ಅಂದೆ.
ಕಂಟೇನರ್ ಬಜಾರಿನ ಹಿಂದೆ ಜಿಲ್ ಲಾರಿಯೊಂದು ಸತ್ತು ಬಿದ್ದಿದೆ,
ಅದರ ಪಕ್ಕೆಲುಬು ಕತ್ತರಿಸಿ ಕೂರಿಸುತ್ತೇನೆ.
ಇನ್ನು ಮುಂದೆ ನಿನ್ನ ಆಮೆ ಗುಂಡಿ ಸಿಕ್ಕಲ್ಲೆಲ್ಲ
ರಷ್ಯನ್ನಿನಲ್ಲಿ ಬೈಯುತ್ತದೆ. ಸಹಿಸಿಕೋ.

ಸುತ್ತಿಗೆಯಿಂದ ತಟ್ಟಿದರೆ ಉದುರುತ್ತದೆ
ಚಕ್ರದ ಗೂಡಿನಲ್ಲಿ ಕೂತ ಮಣ್ಣು, ಪದರ ಪದರ.
ಮೇಲಿನದು ನಮ್ಮದೇ, ಬೂದು, ನಾಲಿಗೆಗೆ ಉಪ್ಪು.
ಅದರಡಿ ಹಳದಿ, ಯಾವುದೋ ಮರುಭೂಮಿಯದು.
ಅದರಡಿ ಕೆಂಪು.
ಕೊನೆಗೆ ಕಪ್ಪನೆ ಜಿಗುಟು, ಹೆಂಟೆ ಹೆಂಟೆ.
ಅವಳು ಬಗ್ಗಿ ಒಂದನ್ನು ಎತ್ತಿ ಮೂಸಿದಳು.
ಇದು ನನ್ನ ತಂಗಿಯ ತೋಟದ ಗೇಟಿನದು,
ಹೊರಟ ದಿನ ಗಾಡಿ ಅಲ್ಲೇ ಹೂತಿತ್ತು, ಅವಳು ಹಿಂದಿನಿಂದ ನೂಕಿದ್ದಳು.
ಆಮೇಲೆ ಏನೂ ಹೇಳಲಿಲ್ಲ.
ಚಹಾ ಆರಿತು. ನಾನು ಮತ್ತೆ ಅಡಿಗೆ ಜಾರಿದೆ,
ಬಿಗಿ ಮಾಡಿದ್ದ ನಟ್ಟನ್ನೇ ಇನ್ನೊಮ್ಮೆ ಬಿಗಿ ಮಾಡುತ್ತ.

ಗುಡಿಸಿದ್ದನ್ನೆಲ್ಲ ಮಗಳು ಜಿಬೆಕ್
ಹಾಲುಪುಡಿಯ ಡಬ್ಬಕ್ಕೆ ತುಂಬುತ್ತಾಳೆ.
ಮೂರು ಬೇಸಿಗೆಯಿಂದ ಇದೇ ಹುಚ್ಚು.
ನಮ್ಮೂರಲ್ಲಿ ಮರವಿಲ್ಲ.
ಒಲೆಗೆ ತೆರೆಸ್ಕೆನ್ ಪೊದೆಯ ಬೇರು ಕೀಳಲು
ಪ್ರತಿ ವರ್ಷ ಇನ್ನೂ ಒಂದು ಗುಡ್ಡ ಆಚೆ ಹೋಗಬೇಕು.
ಗಾಳಿಗೆ ಇಲ್ಲಿ ಅಲುಗಾಡಿಸಲು
ಒಗೆದ ಬಟ್ಟೆ ಬಿಟ್ಟರೆ ಏನೂ ಇಲ್ಲ.

ಜುಲೈ ಕೊನೆಗೆ ಡಬ್ಬದಲ್ಲಿ ಎರಡು ಎಲೆ.

ಬಂದವರನ್ನೆಲ್ಲ ನಿಲ್ಲಿಸಿ ಕೇಳಿದಳು: ಇದು ನಿಮ್ಮದಾ?
ಫ್ರೆಂಚ್ ಹುಡುಗರು ಫೋನು ಹಿಡಿದರು,
ಫೋನು ಮೂರು ಸಲ ಮೂರು ಹೆಸರು ಹೇಳಿತು.
ಜಾರ್ಜಿಯಾದ ದಪ್ಪ ಮೀಸೆಯವನು, ಕಳೆ, ಕಿತ್ತುಹಾಕು ಅಂದ.
ಕೊರಿಯಾದ ಮುದುಕ ದಂಪತಿ ತಮ್ಮ ಗಾಡಿಯ ತೊಟ್ಟಿಯಿಂದ
ಲೋಟ ನೀರು ಹನಿಸಿ, ಅದಕ್ಕೆ ತಲೆಬಾಗಿ, ಹೊರಟುಹೋದರು.

ಈಗ ಸೆಪ್ಟೆಂಬರ್. ಗಾಡಿಗಳು ಕಡಿಮೆ.
ರಾತ್ರಿ ಡಬ್ಬ ಒಲೆಯ ಪಕ್ಕ ಮಲಗುತ್ತದೆ,
ಹಗಲು ಕಿಟಕಿಗೆ ಬರುತ್ತದೆ. ಐದು ಎಲೆ.
ನಾನು ಓಶ್ ಪಟ್ಟಣದ ಆಚೆ ಹೋದವನಲ್ಲ.
ಜಿಬೆಕ್ ಕೇಳುತ್ತಾಳೆ,
ಅಪ್ಪಾ, ಇದರ ಊರು ಯಾವುದು?
ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳುತ್ತೇನೆ,
ಮೊದಲು ನೀರು ಹಾಕು.