ಹೆಪ್ಪು ಕೇಳಲು ಹೋದದ್ದು

ಹಾಲಿನ ಬಟ್ಟಲಲ್ಲ, ಥರ್ಮಾಸು ಹಿಡಿದು ನಿಂತಿದ್ದೆ
ಸೇಡಂ ರಸ್ತೆಯ ಆ ಇನ್ನೊಂದು ಲ್ಯಾಬಿನ ಬಾಗಿಲಲ್ಲಿ.
"ಥ್ರಾಂಬಿನ್ ಇದ್ರ ಒಂದು ಶೀಶೆ ಕೊಡ್ರಿ ಆಪಾ,
ನಮ್ಮದು ಬರೋದು ಮುಂದಿನ ತಿಂಗಳು."
ತಸ್ನೀಮ್ ಆಪಾ ನಕ್ಕರು:
"ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರದಂತಲ್ಲ ನಿಮ್ಮಾಗ,
ಹಗಲಿದ್ದಾಗೇ ಬಂದಿ, ಛಲೋ ಆತು."

ಮೈನಸ್ ಇಪ್ಪತ್ತರಿಂದ ಹೊರಬಂತು.
ತಳದಲ್ಲಿ ಏನೂ ಇಲ್ಲವೆನ್ನುವಷ್ಟು ಬಿಳಿ,
ಸುಣ್ಣದ ಗೋಡೆಗೆ ಒರಗಿ ಎದ್ದವರ ಹೆಗಲ ಮೇಲಿರುವಷ್ಟು.
ಯಾವುದೋ ದೇಶದ ಯಾವುದೋ ಹಸುವಿನ ನೆತ್ತರು
ಸೋಸಿ ಸೋಸಿ, ಒಣಗಿ, ಇಷ್ಟಾಗಿದೆ.
ಆ ಮಾತು ನಾನೂ ಎತ್ತಲಿಲ್ಲ, ಆಪಾನೂ ಎತ್ತಲಿಲ್ಲ.
ಚೀಟಿಯ ಮೇಲೆ: ಸಂಶೋಧನೆಗೆ ಮಾತ್ರ.
ಮನುಷ್ಯರಿಗೆ ಬಳಸತಕ್ಕದ್ದಲ್ಲ.

"ಗಾಜಿನ ನಳಿಗಿಯೊಳಗ ಇಡಬ್ಯಾಡ, ಗಾಜಿಗೇ ಅಂಟಿ ಕುಂದರ್ತದ.
ಅಲುಗಾಡಿಸಬ್ಯಾಡ, ನೊರಿ ಬಂದ್ರ ಸತ್ತಹಂಗ."
ಹೆಪ್ಪಿನ ಜೊತೆ ಬುದ್ಧಿಮಾತೂ ಬರುವುದು ವಾಡಿಕೆ.

ಆಟೋ. ಜಗತ್ ಸರ್ಕಲ್. ಮೇ ತಿಂಗಳು.
ಕಾಲ ನಡುವೆ ಥರ್ಮಾಸು, ಅದರೊಳಗೆ ಕರಗುತ್ತಿರುವ ಬರ್ಫ.

ನೀರಿನ ತೊಟ್ಟಿ ಮೂವತ್ತೇಳಕ್ಕೆ ನಿಲ್ಲಬೇಕು, ಮೈಯ ಬಿಸಿಗೆ.
ಹೊರಗೆ ನಲವತ್ಮೂರು, ಕರೆಂಟಿಲ್ಲ.
ಬೇರೆ ಊರುಗಳಲ್ಲಿ ಕಾಯಿಸುತ್ತಾರಂತೆ.
ಕಲಬುರಗಿಯಲ್ಲಿ ನಾವು ಬರ್ಫ ಹಾಕಿ
ನೀರನ್ನು ಮನುಷ್ಯನ ಮಟ್ಟಕ್ಕೆ ಇಳಿಸುತ್ತೇವೆ.

ಪ್ಲಾಸ್ಮಾ, ತೊಗರಿಬೇಳೆಯ ತಿಳಿ ಕಟ್ಟಿನ ಬಣ್ಣ.
ಅದಕ್ಕೊಂದು ಹನಿ. ಸ್ಟಾಪ್‌ವಾಚ್ ಒತ್ತು.
ಓರೆ ಮಾಡು, ನೇರ ಮಾಡು, ಓರೆ
ಹದಿನಾಲ್ಕು ಹದಿನೈದು ಹರಿಯುತ್ತದೆ
ಹದಿನಾರು ಇನ್ನೂ ಹರಿಯುತ್ತದೆ
ಹದಿನೇಳಕ್ಕೆ, ಯಾರೋ ಒಳಗಿಂದ ದಾರ ಜಗ್ಗಿದಂತೆ,
ನಿಂತಿತು.

ಇನ್ನು ರೇಣಮ್ಮನ ಪ್ರಬಂಧದ ಸೊಪ್ಪಿನ ರಸ ಬೆರೆಸಿ ನೋಡಬೇಕು,
ಹೊಲದ ಬದುವಿನ ಗಾಯದ ಸೊಪ್ಪು.
ಎರಡನೆಯ ನಳಿಗೆಗೆ ವಾಚ್ ಒತ್ತಿದ್ದೆ ಅಷ್ಟೆ,
ಒಡೆದ ಪಿಪೆಟ್ ಬಳಿಯುತ್ತಿದ್ದ ಮರೆಪ್ಪ "ಯವ್ವಾ" ಅಂದ.
ಶಹಾಬಾದ್ ಫರಶಿಯ ಮೇಲೆ ಟಪ್, ಟಪ್.
"ಬಾಯೋರೇ, ಅದರಾಗಿಂದ ಒಂದು ಹನಿ ಬೆರಳಿಗೆ ಹಾಕ್ರಿ."
ಚೀಟಿ ಓದಿ ಹೇಳಿದೆ.
"ಮನುಷ್ಯರಿಗಲ್ಲಂದ್ರ ನನಗ ನಡೀತದಲ್ಲರಿ,
ಹನ್ನೆರಡು ವರ್ಷ ಆತು, ದಿನಗೂಲಿ."

ನಾನು ಉತ್ತರ ಹುಡುಕುವುದರೊಳಗೆ
ತಟ್ಟೆಯಲ್ಲಿದ್ದ ನಾಕೆಲೆ ಎತ್ತಿ, ಹಿಚುಕಿ, ಒತ್ತಿಕೊಂಡ.
"ಇದಕ್ಕ ಚೀಟಿ ಹಚ್ಚಿಲ್ಲ."

ವಾಚ್ ಓಡುತ್ತಲೇ ಇತ್ತು.
ನೆತ್ತರು ನಿಂತಾಗ ಅವನೇ ಬಗ್ಗಿ ಓದಿದ:
ನಾಲ್ಕು ನಿಮಿಷ ಹನ್ನೊಂದು.
ಸೊಪ್ಪೋ, ಅವನ ಮೈಯೊಳಗೇ ಇರುವ
ಬಿಲ್ಲಿಲ್ಲದ ಥ್ರಾಂಬಿನ್ನೋ, ಹೇಳಲಾಗದು.
ಹೋಲಿಸಲು ಇನ್ನೊಂದು ಬೆರಳು ಕೊಯ್ದಿರಲಿಲ್ಲ.
ಪುಸ್ತಕದಲ್ಲಿ ಬರೆಯಲಿಲ್ಲ.

ಶೀಶೆ ಇಟ್ಟು ಕೊಟ್ಟ ಡಬ್ಬಿ ಆಪಾದು.
ಹೆಪ್ಪಿನ ಬಟ್ಟಲು ಖಾಲಿ ತಿರುಗಬಾರದು,
ಶೇಂಗಾ ಹಿಂಡಿ ತುಂಬಿ ಕೊಡಬೇಕು.
ಛೆ, ಅದು ಲ್ಯಾಬಿನ ಡಬ್ಬಿ.
ಹಿಂಡಿಗೆ ಬೇರೆ ಡಬ್ಬಿ.