ಸೀರಣಿಗೆ

ಗ್ದಾನ್ಸ್ಕ್. ನಾಲ್ಕನೇ ಮಹಡಿ, ಅಡುಗೆಮನೆಯ ದೀಪದ ಕೆಳಗೆ
ಹಡಗುಕಟ್ಟೆಯ ಹಳೇ ವೆಲ್ಡರ್ ಬೊಗುಮಿಲ್,
ತೊಡೆಯ ಮೇಲೆ ಶ್ರುಬ್ಕಾ, ಕೈಯಲ್ಲಿ ಸೀರಣಿಗೆ.

ಬಾಲದ ಬುಡ ಬೋಳು. ಚರ್ಮ ಕೆಂಡ.
ಬಾಚಿದಷ್ಟೂ ಉದುರುತ್ತದೆ ಕರಿಪುಡಿ, ಒದ್ದೆ ಕಾಗದದ ಮೇಲೆ
ಕೂತಲ್ಲೇ ಕೆಂಪಾಗಿ ಹರಡುತ್ತದೆ.
'ತುಕ್ಕು' ಅಂದುಬಿಡುತ್ತಾನೆ, ನಲವತ್ತು ವರ್ಷದ ಅಭ್ಯಾಸ.
ತುಕ್ಕಲ್ಲ. ಅವಳದೇ ರಕ್ತ,
ಚಿಗಟ ಕುಡಿದು ಬಿಟ್ಟದ್ದು.

ಒಂದು ಸೋಪುನೀರಿಗೆ ಬಿತ್ತು. ಇನ್ನೊಂದು
ಅವನ ತೋಳಿಗೆ ಹಾರಿತು.

ಕೆಳಮನೆಯ ಗ್ರಾಜಿನಾ ಕೊಟ್ಟ ನಾಯಿಯ ಔಷಧಿ
ಬಾಗಿಲಾಚೆಯೇ ಇದೆ, ಬೆಕ್ಕಿಗದು ವಿಷವಂತೆ.
ಓಟ್ಸ್ ನೆನೆಸಿದ ತಣ್ಣೀರಲ್ಲಿ ಬಟ್ಟೆ ಅದ್ದಿ
ಒತ್ತುತ್ತಾನೆ, ಉಜ್ಜುವುದಿಲ್ಲ.
ಅವಳು ಉಗುರೆತ್ತಿದರೆ 'ಕೆರೀಬೇಡ' ಎಂದು ಗದರುತ್ತಾನೆ.

ಕಿಡಿ ಹಾರಿ ಸುಟ್ಟ ಕಲೆಗಳ ನಡುವೆ
ತೋಳು ಚುರುಚುರು ಅನ್ನುತ್ತಿದೆ.
ಕೆರೆಯಲು ಎತ್ತಿದ ಕೈ
ಅವಳು ನೋಡುತ್ತಿದ್ದಾಳೆಂದು
ಮೆಲ್ಲಗೆ ಇಳಿಯುತ್ತದೆ.